ಗಂಟಲು ಕೇಳಿದ್ದು

ಮಂಗಳವಾರ, ಶುಕ್ರವಾರ ನನ್ನ ಸೋಡಾ ಗಾಡಿ
ರೊಸಾರಿಯೊ ಊರಿನ ತೆಂಕಣ ಬೀದಿಗಳಲ್ಲಿ.
ಪೆಟ್ಟಿಗೆಗೆ ಆರರಂತೆ ಸೈಫನ್ ಬಾಟಲಿ,
ಗಾಡಿ ಗುಂಡಿಗಿಳಿದಾಗಲೆಲ್ಲ ಹಲ್ಲು ಕಡಿಯುತ್ತವೆ.
ಮೊದಲು ಅಪ್ಪ ಓಡಿಸುತ್ತಿದ್ದ. ಅವನ ಸೊಂಟ ಹೋಯಿತು,
ಗಾಡಿಯ ಗೇರೂ ಹೋಯಿತು.
ಗೇರನ್ನು ಸರಿಮಾಡಿಸಿದೆ.

ನಸುಕಿನಲ್ಲಿ ಯಂತ್ರದೆದುರು ನಿಂತು ತುಂಬಿಸುತ್ತೇನೆ:
ದಪ್ಪ ಗಾಜು, ತಣ್ಣನೆಯ ನೀರು, ಒತ್ತಿ ಕೂರಿಸಿದ ಅನಿಲ.
ಮತ್ತೇನೂ ಇಲ್ಲ.
ಇಲ್ಲದ್ದನ್ನು ಮಾರುವುದು ಕಷ್ಟದ ಕಸುಬು;
ಸಕ್ಕರೆ ಸೊನ್ನೆ, ಕ್ಯಾಲೊರಿ ಸೊನ್ನೆ,
ಆ ಸೊನ್ನೆಗೂ ಚೌಕಾಸಿ.
ಬಾಳು ನೀರಗುಳ್ಳೆ ಎಂದು ನಿಟ್ಟುಸಿರಿಡುವವರು ಯಾರೂ
ಗುಳ್ಳೆ ತುಂಬಿಸಿ ಹೊಟ್ಟೆ ಹೊರೆದವರಲ್ಲ.

ಮೂಲೆಮನೆ ಅಬೆಲಿನೊನದು. ನಲವತ್ತೊಂದು ವರ್ಷ ಬೇಕರಿ.
ಊರು ಮಲಗಿದಾಗ ಹಿಟ್ಟು ನಾದಿ,
ಬೆಳಗಾಗುವುದರೊಳಗೆ ಅರ್ಧಚಂದ್ರದ ಬನ್ನುಗಳಿಗೆ
ಸಕ್ಕರೆಪಾಕ ಬಳಿದವನು.
ಒಲೆಯ ಬಾಯೆದುರು ನಿದ್ದೆ ಓಡಿಸಲು
ರಾತ್ರಿಗೆ ಎರಡು ದೊಡ್ಡ ಬಾಟಲಿ ಕೋಲಾ.
ಬೆವರಿ ಕುಡಿದ, ಕುಡಿದು ಬೆವರಿದ.
ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ;
ಸಕ್ಕರೆ ಕುಡಿದವನು ಏನು ಕುಡಿಯಬೇಕೆಂದು
ಗಾದೆ ಕಟ್ಟಿದವರು ಹೇಳಿಹೋಗಲಿಲ್ಲ.

ಎಡಗಾಲಿನ ಕಿರುಬೆರಳು ಮೊದಲು ಮರಗಟ್ಟಿತು,
ಆಮೇಲೆ ಕಪ್ಪಾಯಿತು,
ಆಮೇಲೆ ಇರಲಿಲ್ಲ.

ಡಾಕ್ಟರಮ್ಮ ಇನ್ನೂ ಮೊಡವೆ ಮಾಸದ ಹುಡುಗಿ.
ಮೇಜಿನ ಮೇಲೊಂದು ಖಾಲಿ ಲೋಟವಿಟ್ಟು
ಚಮಚ ಚಮಚವಾಗಿ ಸಕ್ಕರೆ ಸುರಿದಳಂತೆ:
"ಒಂದು ಲೋಟ ಕೋಲಾಕ್ಕೆ ಇಷ್ಟು, ತಾತ."
ಅವನು ಎಣಿಸಿದ. ಐದು. ಆರು. ಆರೂವರೆ.
"ಇಷ್ಟರಲ್ಲಿ ನಾನು ಒಂದು ಡಜನ್ ಬನ್ನು ಹೊಳೆಯಿಸುತ್ತಿದ್ದೆ,"
ಎಂದನಂತೆ, ತುಸು ನಾಚಿ.

ಮಗಳು ಗ್ರಿಸೆಲ್ಡಾ ನನ್ನ ಗಾಡಿ ನಿಲ್ಲಿಸಿದಳು.
ಒಳಗಿನಿಂದ ಅವನ ಗುಡುಗು:
"ನೀರಿಗೆ ದುಡ್ಡೇ? ಗಾಳಿ ಊದಿದ ನೀರಿಗೆ?"
ಮೊದಲ ವಾರ ಆರೂ ತುಂಬಿದಂತೆಯೇ ಮರಳಿದವು.
ಎರಡನೆಯ ವಾರ ಒಂದರ ಕತ್ತಷ್ಟೇ ಖಾಲಿ.
"ರುಚಿಯೇ ಇಲ್ಲ. ಸಿಟ್ಟು ಬಂದ ನೀರು, ಅಷ್ಟೇ."
ವಾದಿಸಲಿಲ್ಲ. ನಿಜವೇ ತಾನೆ.

ಆಮೇಲೆ ಜನವರಿಯ ಬೇಸಗೆ.
ಪರಾನಾ ಹೊಳೆಯಿಂದ ಗಾಳಿ ಬರುವುದಿರಲಿ
ಸೊಳ್ಳೆಯೂ ಹಾರಿ ಬರುತ್ತಿರಲಿಲ್ಲ.
ಗೋಡೆಯ ಅಂಗೈಯಗಲ ನೆರಳಿನಲ್ಲಿ ಕೂತಿದ್ದ.
ಪೆಟ್ಟಿಗೆ ಇಳಿಸಿದ್ದೇ ಬಾಟಲಿಯೊಂದನ್ನೆತ್ತಿ
ಹಿಡಿಕೆ ಅದುಮಿದ. ಸುಂಯ್!
ಲೋಟದೊಳಗೊಂದು ಪುಟ್ಟ ಜಗಳ.
ನಿಂಬೆಸಿಪ್ಪೆ ಹಿಂಡಿ, ಕಣ್ಣು ಮುಚ್ಚಿ, ಗಟಗಟ.
ಕಣ್ಣಲ್ಲಿ ನೀರು, ಮೂಗಲ್ಲಿ ಮುಳ್ಳು,
ಹಿಂದೆಯೇ, ಮಲಗಿದ ಬೀದಿನಾಯಿ
ಎದ್ದು ಓಡುವಂಥ ತೇಗು.

"ಇದು," ಎಂದ ಗಂಟಲು ಮುಟ್ಟಿಕೊಂಡು, "ಇದೇ."
"ಯಾವುದು?"
"ಈ ಕುಟುಕು. ಒಲೆಯೆದುರು ನನ್ನನ್ನು
ಎಚ್ಚರವಿಟ್ಟದ್ದು ಇದು ಮಾರಾಯ್ತಿ, ಸಿಹಿಯಲ್ಲ.
ಸಿಹಿ ಬರೀ ಇದರ ಬೆನ್ನಿಗೆ ಬಂದು
ಬಾಡಿಗೆ ಕೊಡದೆ ಉಳಿದುಕೊಂಡ ನೆಂಟ."
ಕಾಲಿನತ್ತ ನೋಡಿ ತಡೆದ.
"ಬಾಡಿಗೆ ನಾನೇ ಕೊಟ್ಟೆ."

ಸೋಡಾ ಹೋದ ಬೆರಳನ್ನು ಮರಳಿ ತರುವುದಿಲ್ಲ.
ನಾನು ಮದ್ದು ಮಾರುವವಳಲ್ಲ;
ಮಾತ್ರೆ, ಸೂಜಿ, ಸಂಜೆಯ ನಡಿಗೆ
ಗ್ರಿಸೆಲ್ಡಾಳ ಲೆಕ್ಕ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.
ಭಾನುವಾರ ಅವನು ಕದ್ದು ಅರ್ಧ ಬನ್ನು ತಿನ್ನುತ್ತಾನೆ.
ಮೀಸೆಯ ಪುಡಿ ಹೇಳುತ್ತದೆ,
ನಾನು ಹೇಳುವುದಿಲ್ಲ.

ಈ ಶುಕ್ರವಾರ ಮೆಟ್ಟಿಲ ಮೇಲೆ ಆರು ಖಾಲಿ ಬಾಟಲಿ.
ಒಂದರ ಹಿಡಿಕೆಯ ಮೇಲೆ
ಒಣಗಿದ ಹಿಟ್ಟಿನ ಹೆಬ್ಬೆರಳಚ್ಚು.
ಯಾರಿಗಾಗಿ ನಾದುತ್ತಿದ್ದಾನೋ, ಕೇಳಲಿಲ್ಲ.
ತೊಳೆಯುವಾಗ ಅದನ್ನು ಕೊನೆಗಿಟ್ಟೆ.