ಹಳದಿ ಕೆರೆ

ಏರಿಯಿಲ್ಲ, ತೂಬಿಲ್ಲ,
ಕಟ್ಟಿಸಿದವನ ಹೆಸರಿನ ಕಲ್ಲೂ ಇಲ್ಲ.
ಅಲ್-ಅಹ್ಸಾದ ಖರ್ಜೂರದ ತೋಟಗಳು
ಕುಡಿದು ಮಿಕ್ಕ ನೀರು
ಕಾಲುವೆಗುಂಟ ಬಂದು
ಮರಳದಿಬ್ಬಗಳ ನಡುವೆ ಕೂತಿದೆ, ಅಷ್ಟೆ.

ನದಾಫ ಬೆರಳದ್ದಿ ನೆಕ್ಕಿದ:
‘ಉಪ್ಪಿನಕಾಯಿ ಭರಣಿ ತೊಳದ ನೀರಲೇ ಇದು!’
ಜೊಂಡಿನೊಳಗೆ ಒಂದು ನೀರುಕೋಳಿ
ಯಾರನ್ನೋ ಬೈದು ಸುಮ್ಮನಾಯಿತು.
ಆಚೆ ಉಮ್ರಾನಿನ ದೀಪಗಳು,
ಇನ್ನೂ ಆಚೆ ಹೊಫೂಫಿನ ಧೂಳುಬೆಳಕು.

ಬೇಸಿಗೆಗೆ ಇದು ಅರ್ಧವಾಗುತ್ತದೆ, ಎಂದ ಅಬು ಜವಾದ್,
ತನ್ನ ಮನೆಯ ಬಿಳಿ ಕತ್ತೆಯ ವಿಷಯ ಹೇಳುವ ಹಾಗೆ.
ಚಳಿಗೆ ಮತ್ತೆ ಮೈದುಂಬುತ್ತದಂತೆ.

ಬೆಳಿಗ್ಗೆ ನಾನೇ ವಾಲ್ವು ತಿರುಗಿಸಿ ಬಿಟ್ಟ ನೀರು
ಈಗ ಯಾವ ಮರದ ಬುಡದಲ್ಲಿದೆಯೋ.
ಉಗುರಲ್ಲಿನ್ನೂ ಪಂಪಿನ ಗ್ರೀಸು.
ಬಂದರೆ ಗುರುತು ಹಿಡಿಯುವವರ ಹಾಗೆ
ಕಾಯುತ್ತ ಕೂತೆವು.