ಬೇಲಿ ಬಾಡಿಗೆ

ಬನ್ನಿ. ಮೊಬೈಲು ಮಾತ್ರ ಈ ಸ್ಟೀಲು ಡಬ್ಬಿಗೆ.
ಚಕ್ಕುಲಿ ಡಬ್ಬಿ, ಎಣ್ಣೆ ವಾಸನೆ ಹೋಗಿಲ್ಲ,
ಬೇಜಾರು ಮಾಡ್ಕೋಬೇಡಿ.
ಸೆಂಟು ಹಾಕಿಕೊಂಡವರು ಸಾಲಿನ ಕೊನೆಗೆ.
ಟಾರ್ಚು ನಮ್ಮದೇ: ಮೂತಿಗೆ ಕೆಂಪು ಜಿಲೆಟಿನ್ ಕಾಗದ,
ಮೇಲೊಂದು ರಬ್ಬರ್ ಬ್ಯಾಂಡು.
ಬಿಳಿ ಬೆಳಕು ಅದರ ಕಣ್ಣಿಗೆ
ಖಾರದಪುಡಿ ನಿಮ್ಮ ಕಣ್ಣಿಗೆ ಹೇಗೋ ಹಾಗೆ.

ನಾನು ಜುಂಜಮ್ಮ. ಊರು ಗುಬ್ಬಿ ಕಡೆಯ ತುಗ್ಗಲಿಪಾಳ್ಯ,
ಹೆಸರು ಕೇಳಿರೋದಿಲ್ಲ ನೀವು.
ನೋಡುವಂಥದ್ದು ಇಲ್ಲೇನೂ ಇಲ್ಲ ಅಂತ
ಇಷ್ಟು ವರ್ಷ ನಾವೂ ನಂಬಿಕೊಂಡಿದ್ದೆವು.
ಜಲಪಾತವಿಲ್ಲ, ಕೋಟೆಯಿಲ್ಲ,
ಯಾವ ರಾಜನೂ ಇಲ್ಲಿ ಕುದುರೆಗೆ ನೀರು ಕುಡಿಸಿದವನಲ್ಲ.
ಇರೋದು ಹುಣಸೆ, ಹೊಂಗೆ, ಕಾರೆ, ಕಳ್ಳಿ,
ಬೇಲಿಗೆ ಹೆಣೆದುಕೊಂಡ ಬೇಲಿ.
ಅದರೊಳಗೆ ಇದು.

ಕಾಡುಪಾಪ.
ಗೇಣುದ್ದದ ಮೈ, ಕಡ್ಡಿಕಾಲು, ಬಾಲವಿಲ್ಲ.
ಮುಖದ ತುಂಬ ಕಣ್ಣೇ ಕೂತು
ಬಾಯಿಗೆ ಜಾಗ ಸಾಲದೆ ಹೋಗಿದೆ.

ನಾನು ಚಿಕ್ಕವಳಿದ್ದಾಗ ಇದರ ಹೆಸರೆತ್ತಿದರೆ
ಅಜ್ಜಿ ಮೂರು ಸಲ ಉಗುಳುತ್ತಿದ್ದಳು.
ಅಮಾವಾಸ್ಯೆ ಹತ್ತಿರ ಬಂದಾಗ ಸೈಕಲ್ಲಿನಲ್ಲಿ ಒಬ್ಬ ಬರುತ್ತಿದ್ದ,
ಗೋಣಿಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದ
ಯಾರದೋ ವಶೀಕರಣಕ್ಕೆ.
ತೋರಿಸಿಕೊಟ್ಟವರಿಗೆ ಇಪ್ಪತ್ತು ರೂಪಾಯಿ.
ನಮ್ಮಪ್ಪ ತೋರಿಸಿಕೊಟ್ಟಿದ್ದ. ಎರಡು ಸಲ.
ಹೇಳಬಾರದಿತ್ತೇನೋ.
ಇರಲಿ, ಟಿಕೇಟಿನಲ್ಲಿ ಇದೂ ಸೇರಿದೆ.

ಆ ದುಡ್ಡಲ್ಲಿ ನನಗೆ ಸ್ಲೇಟು ಬಂತು.
ಮೊದಲು ಬರೆದದ್ದು ಪಾಪ:
ಒಂದೇ ಅಕ್ಷರ, ಮೊದಲನೆಯದಕ್ಕೊಂದು ಕೊಂಬೆಳೆದರೆ ಆಯಿತು.
ಪಾಪ ಅಂದರೆ ಕೂಸು.
ಪಾಪ ಅಂದರೆ ಮಾಡಬಾರದ್ದು.
ಪಾಪ ಅಂದರೆ ಅಯ್ಯೋ.
ಯಾವುದು ಅಂತ ಮೇಷ್ಟ್ರು ಕೇಳಲಿಲ್ಲ.

ಕಲ್ಲು ನೋಡಿಕೊಂಡು ಕಾಲಿಡಿ.
ಈ ಬೇಲಿ ಓಬಳೇಶನದು. ಹೋದ ವರ್ಷ ಜೆಸಿಬಿ ಕರೆಸಿದ್ದ,
ಎಲ್ಲ ಕಿತ್ತು ಕಲ್ಲುಕಂಬ ನೆಟ್ಟು ತಂತಿ ಎಳೆಸೋಣ ಅಂತ.
ತಂತಿಯ ಮೇಲೆ ಪಾಪ ನಡೆಯೋದಿಲ್ಲ, ನೆಲಕ್ಕಿಳಿದರೆ ನಾಯಿ.
ಕೊಂಬೆಗೆ ಕೊಂಬೆ ತಾಗಿದಷ್ಟೇ ಅದರ ಊರು.
ಸಂಘದ ಏಳು ಹೆಂಗಸರು ಹೋದೆವು.
ಜೆಸಿಬಿ ಮುಂದೆ ಮಲಗಿದೆವು ಅಂದುಕೊಳ್ಳಬೇಡಿ, ಅಷ್ಟು ಧೈರ್ಯವಿಲ್ಲ.
ಲೆಕ್ಕ ಹಾಕಿದೆವು:
ಮಾರಿಗೆ ವರ್ಷಕ್ಕೆ ನಲವತ್ತು ರೂಪಾಯಿ, ಬೇಲಿ ಬಾಡಿಗೆ.
‘ಹೊಲಕ್ಕೆ ಗುತ್ತಿಗೆ ಕೇಳಿದ್ದೀನಿ, ಮನೆಗೆ ಬಾಡಿಗೆ ಕೇಳಿದ್ದೀನಿ,
ಬೇಲಿಗೆ ಯಾವ ಕಾಲದಲ್ಲಿ?’ ಅಂದ.
‘ಈ ಕಾಲದಲ್ಲಿ’ ಅಂದಳು ನಮ್ಮ ಖಾಜಾಬಿ.
ಅಳೆಯೋ ದಿನ ಗಿಡ್ಡ ತಮ್ಮನನ್ನು ಕರೆತಂದ,
ತೋಳು ಚಿಕ್ಕದಾದರೆ ಮಾರು ಹೆಚ್ಚು ಬರುತ್ತಲ್ಲ.
ನೂರಾ ಹದಿನೆಂಟು ಬಂತು. ಒಪ್ಪಿಕೊಂಡೆವು.
ಈಗ ಬೇಲಿಯ ತೂತಿಗೆಲ್ಲ
ಅವನೇ ತುಗ್ಗಲಿ ಕಡ್ಡಿ ನೆಡುತ್ತಾನೆ.

ದೊಡ್ಡ ಕಾರಿನವರೊಬ್ಬರು ಬಂದಿದ್ದರು.
ಗಾಜಿನ ರೂಮು ಕಟ್ಟಿಸುತ್ತಾರಂತೆ, ರಾತ್ರಿಯಿಡೀ ದೀಪ,
ಬಲೆಯೊಳಗೆ ನಾಲ್ಕು ಪಾಪ, ಕಾಣೋದು ಗ್ಯಾರಂಟಿ.
ಮಜ್ಜಿಗೆ ಕೊಟ್ಟು ಕಳಿಸಿದೆವು.
ನಮ್ಮಲ್ಲಿ ಗ್ಯಾರಂಟಿ ಇಲ್ಲ.
ಹುಣಸೆಚಿಗುರಿನ ಸಾರು, ಬಿಸಿಮುದ್ದೆ, ಅದು ಸಿಕ್ಕೇ ಸಿಗುತ್ತೆ.
ಲೈನ್‌ಮನ್ ತಿಪ್ಪೇರುದ್ರ ಎಂಟರಿಂದ ಹತ್ತು
ಬೀದಿದೀಪ ಆರಿಸುತ್ತಾನೆ, ಅದೂ ಸರಿ.
ಪಾಪ ಕಾಣದಿದ್ದರೆ ದುಡ್ಡು ವಾಪಸ್ಸಿಲ್ಲ.
ಕಾಣಿಸಿಕೊಳ್ಳದೆ ಇರೋದು ಅದರ ಕಸುಬು.
ಕಸುಬಿಗೆ ಕೂಲಿ ಬೇಡವೇ?

ನಿನ್ನೆಯ ರಿಜಿಸ್ಟರು ನನ್ನ ಕೈಬರಹದಲ್ಲೇ ಇದೆ:
ಜನ ಆರು. ಪಾಪ ಇಲ್ಲ.
ಮಿಂಚುಹುಳ, ಎಣಿಕೆ ತಪ್ಪಿತು.
ಒಬ್ಬರು ಅತ್ತರು, ಕಾರಣ ಕೇಳಲಿಲ್ಲ.

ಶ್.
ಹೊಂಗೆಯ ಎಡಗೊಂಬೆ. ಎರಡು ಕೆಂಡ.
ಆರಿತು. ಮತ್ತೆ ಹೊತ್ತಿತು.
ಒಂದು ಕಾಲು ಮುಂದಿಟ್ಟಿದೆ, ಇನ್ನೊಂದಕ್ಕೆ ಯೋಚಿಸುತ್ತಿದೆ.

ಬೇಡ ಸ್ವಾಮಿ, ಬೆರಳು ಮಾಡಬೇಡಿ.
ಅಪ್ಪ ನಿಂತಿದ್ದದ್ದೂ ಇಲ್ಲೇ,
ಕೈ ಎತ್ತಿದ್ದದ್ದೂ ಹೀಗೇ.

ಟಾರ್ಚು ಕೆಳಗೆ.