ಚಕ್ಕುಬಂದಿ

ನಮ್ಮೂರಿನ ಉದ್ದ, ನನ್ನ ಸೈಕಲ್ಲಿನ ಲೆಕ್ಕದಲ್ಲಿ,
ಹನ್ನೊಂದು ನಿಮಿಷ. ಎದುರುಗಾಳಿ ಇದ್ದರೆ ಹದಿನಾಲ್ಕು.
ಮೂಡಣಕ್ಕೆ ಉಪಕಾಲುವೆ, ಅದರಾಚೆ ಕ್ಯಾಂಪಿನ ಭತ್ತದ ಗದ್ದೆ.
ಪಡುವಣಕ್ಕೆ ಗುಡ್ಡ, ಅಂದರೆ ಬಂಡೆಯ ಮೇಲೆ ಬಂಡೆ,
ಯಾರೋ ಲಾರಿಯಿಂದ ಸುರಿದು ಬಿಲ್ಲು ಕೇಳಲು ಮರೆತ ಹಾಗೆ.
ತೆಂಕಣಕ್ಕೆ ಹಳ್ಳ: ವರ್ಷಕ್ಕೆ ಒಂಬತ್ತು ದಿನ ಹಳ್ಳ,
ಉಳಿದ ದಿನ ಬಸ್‌ಸ್ಟ್ಯಾಂಡಿಗೆ ಅಡ್ಡದಾರಿ.
ಬಡಗಣಕ್ಕೆ ಏನೂ ಇಲ್ಲ. ಎರೆಹೊಲ.
ರಾಯಚೂರಿನ ಬಿಸಿಲು ಆ ದಾರಿಯಲ್ಲೇ ಊರಿಗೆ ನಡೆದು ಬರುತ್ತದೆ.

ನಾನು ಪಟ್ಟಣ ಪಂಚಾಯ್ತಿಯ ಕರ ವಸೂಲಿಗಾರ.
ಬೋರ್ಡಿಗೆ ‘ಪಟ್ಟಣ’ ಬಂದು ಆರು ವರ್ಷ.
ಪೇಂಟರ್ ಮೌನೇಶ ‘ಗ್ರಾಮ’ದ ಮೇಲೆ ಒಂದೇ ಕೋಟು ಬಳಿದ;
ಗೋಡೆ ನೆಂದಾಗ ಪಟ್ಟಣದ ಬೆನ್ನಿಂದ ಗ್ರಾಮ ಇಣುಕುತ್ತದೆ.
ಹತ್ತು ಸಾವಿರ ತಲೆ ಬೇಕಿತ್ತು, ಎಣಿಸಿದಾಗ ಸಿಕ್ಕದ್ದು
ಹತ್ತು ಸಾವಿರದ ಏಳು.
ಆ ಏಳು ಯಾರೆಂದು ಚಹಾದಂಗಡಿಯಲ್ಲಿ ಇಂದಿಗೂ ಜಗಳ:
ಅಮರಮ್ಮನ ಅವಳಿ ಕೂಸುಗಳಂತೂ ಖಾತ್ರಿ,
ಕ್ಯಾಂಪಿನ ವೀರ್ರಾಜು ಮನೆಯವರು ನಾಲ್ವರು,
ಏಳನೆಯವನು ಎಣಿಸಲು ಬಂದ ಮಾಸ್ತರನೇ ಇರಬೇಕು.

ಹದಿಮೂರು ವಾರ್ಡು. ಪ್ರತಿಯೊಂದಕ್ಕೂ ಚಕ್ಕುಬಂದಿ,
ಗೆಜೆಟ್ಟಿನಲ್ಲಿ ಅಚ್ಚಾದದ್ದು, ಕಚೇರಿಯ ಕನ್ನಡದಲ್ಲಿ:
‘ಹುಣಸೆಮರದಿಂದ ಹೊರಟು, ಸೂಗಪ್ಪನ ಹಿಟ್ಟಿನ ಗಿರಣಿಯ
ಪಶ್ಚಿಮ ಗೋಡೆಗುಂಟ ಸಾಗಿ, ಹಾಳುಬಾವಿಯನ್ನು ಬಲಕ್ಕೆ ಬಿಟ್ಟು,
ಪುನಃ ಸದರಿ ಹುಣಸೆಮರಕ್ಕೆ ಬಂದು ಸೇರತಕ್ಕದ್ದು.’
ಓದಲು ಸುಖ. ಪ್ರದಕ್ಷಿಣೆ ಹಾಕಿದ ಹಾಗೆ.

ಹೋದ ವೈಶಾಖದ ಗಾಳಿಗೆ ಸದರಿ ಹುಣಸೆಮರ ಬಿತ್ತು.
ಮೂರೇ ದಿನ: ಕೊಂಬೆ ಒಲೆಗೆ, ಬೊಡ್ಡೆ ಸಾಮಿಲ್ಲಿಗೆ,
ಬುಡದ ಗುಂಡಿಗೆ ಪಂಚಾಯ್ತಿಯದೇ ಟ್ರ್ಯಾಕ್ಟರು ಕಸ ತುಂಬಿತು.
ಈಗ ಏಳನೇ ವಾರ್ಡು ಎಲ್ಲಿಂದಲೂ ಹೊರಡುವುದಿಲ್ಲ,
ಎಲ್ಲಿಗೂ ಬಂದು ಸೇರುವುದಿಲ್ಲ.

ಮಾಬಮ್ಮನ ಅಡುಗೆಮನೆ ಏಳರಲ್ಲಿ, ಹಿತ್ತಲು ಎಂಟರಲ್ಲಿ.
ಏಳಕ್ಕೆ ಮಂಗಳವಾರ ನೀರು, ಎಂಟಕ್ಕೆ ಶುಕ್ರವಾರ.
ಮರ ಇದ್ದಾಗ ಎರಡು ನಳ, ಎರಡು ರಸೀದಿ,
ಎರಡಕ್ಕೂ ಹಣ ಕಟ್ಟುತ್ತಿದ್ದಳು, ಸೆರಗಿನ ಗಂಟು ಬಿಚ್ಚಿ.
ಈಗ ಏಳರ ಆದೆಪ್ಪ ಅನ್ನುತ್ತಾನೆ, ಪೂರಾ ಎಂಟು.
ಎಂಟರ ಹುಲಿಗೆಮ್ಮ ಅನ್ನುತ್ತಾಳೆ, ಪೂರಾ ಏಳು.
ವೋಟಿನ ವರ್ಷ ಇಬ್ಬರಿಗೂ ಆಕೆ ನಮ್ಮಾಕೆಯಾಗಿದ್ದಳು.
ಇಂಜಿನಿಯರು ಬಂದು ಮೊಬೈಲಿನಲ್ಲಿ ಉಪಗ್ರಹ ತೋರಿಸಿದ;
ನೀಲಿ ಚುಕ್ಕೆ ಗಿರಣಿಯ ತಗಡಿನ ಮೇಲೆ ಕೂತದ್ದು
ಏಳಲೇ ಇಲ್ಲ.

ನಿನ್ನೆ ಟೇಪು ಹಿಡಿದು ನಾನೇ ಹೋದೆ.
ಮಾಬಮ್ಮ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.
‘ಮರ ಎಲ್ಲಿತ್ತವ್ವಾ?’
‘ಬಾಯಾಗ ಹೇಳಾಕ ಬರಂಗಿಲ್ಲಪ್ಪ, ತಡಿ.’
ಒಳಗಿಂದ ಖಾಲಿ ಕೊಡ ತಂದು ಟೊಂಕಕ್ಕಿಟ್ಟುಕೊಂಡಳು,
ಕಸದ ಮೇಲೆ ಹತ್ತಾರು ಹೆಜ್ಜೆ ನಡೆದಳು, ನೆಲ ನೋಡದೆ,
ಏನೂ ಇಲ್ಲದ ಒಂದು ಕಡೆ
ತಲೆ ಬಗ್ಗಿಸಿ ದಾಟಿದಳು.
ನಲವತ್ತು ವರ್ಷ ಆ ಕೊಂಬೆಯಡಿ ಹಾದ ಕುತ್ತಿಗೆಗೆ
ಮರ ಬಿದ್ದ ಸುದ್ದಿ ಇನ್ನೂ ತಲುಪಿಲ್ಲ.
‘ಇದು ಕೊಂಬಿ. ಇಲ್ಲಿಂದ ಎಡಕ್ಕ ಎರಡ್ ಹೆಜ್ಜಿ ಬೊಡ್ಡಿ.’

ಅಲ್ಲೇ ಗೂಟ ಹೊಡೆದೆ.
ವರದಿಗೆ ಆಧಾರ ಬೇಕು, ಮುಖ್ಯಾಧಿಕಾರಿ ಅದನ್ನೇ ಮೊದಲು ಕೇಳುವುದು.
‘ಸದರಿ ಮಹಿಳೆ ತಲೆ ಬಗ್ಗಿಸಿದ ಸ್ಥಳದಿಂದ ಹೊರಟು’
ಎಂದು ಬರೆದೆ. ಹೊಡೆದುಹಾಕಿದೆ.
ಚಹಾ ಕುಡಿದು ಬಂದು ಮತ್ತೆ ಅದನ್ನೇ ಬರೆದೆ.

‘ನೀರು ಯಾವತ್ತು ಬರ್ತೈತಿ ಈಗ?’ ಎಂದಿದ್ದಳು ಹೊರಡುವಾಗ.
ಸಭೆಯಲ್ಲಿ ತೀರ್ಮಾನ ಆಗಬೇಕು ಅಂದೆ,
ಕೋರಂ ಆದರೆ ಬುಧವಾರ.
‘ಬುಧವಾರ ಯಾರದಪ್ಪಾ?’ ಎಂದಳು,
ಕೈಯ ಖಾರ ಸೆರಗಿಗೆ ತಾಗದ ಹಾಗೆ ಎತ್ತಿ ಹಿಡಿದು.